ಮನೆಯೂ ಏಳಲಿ, ಮರವೂ ಉಳಿಯಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತಾರೆ ಹಿರಿಯರು. 2014ರಲ್ಲಿ ಕಾಸರಗೋಡು ಪೇಟೆಯ ಅಂಚಿನ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಿದಾಗ ನಮಗೂ ಈ ಮಾತಿನ ಅರ್ಥ ತಿಳಿಯಿತು. ಆದರೆ ಈಗ ಹೇಳಹೊರಟಿರುವುದು ಖರ್ಚಿನ ವಿಷಯವಲ್ಲ, ಒಂದು ಹಲಸಿನ ಮರದ ವಿಷಯ.

ಅದು ಅಜ್ಜ ನೆಟ್ಟ ಮರ. ಮೇಸ್ತ್ರಿ ಕಡಿಯೋಣವೆಂದರೂ ನಾವು ಒಪ್ಪಲಿಲ್ಲ. ಪ್ಲಾನನ್ನೇ ತುಸು ಸರಿಸಿ ಮರ ಉಳಿಸಿದೆವು, ನೆಂಟರೆಲ್ಲ ಮೆಚ್ಚಿದರು. ಆದರೆ ಪಾಯ ತೋಡಿದ ಮಣ್ಣು ಅದರ ಬುಡಕ್ಕೇ ಬಿತ್ತು. ಕೆಂಪುಕಲ್ಲಿನ ಲಾರಿ ನಿಂತದ್ದು ಅದರ ನೆರಳಲ್ಲಿ, ಸಿಮೆಂಟು ಕಲಸಿದ್ದೂ ಅಲ್ಲೇ. ಕೊನೆಗೆ ಬುಡದವರೆಗೂ ಇಂಟರ್‌ಲಾಕ್ ಹಾಸಿದೆವು. ಮರುವರ್ಷ ಗುಜ್ಜೆ ಕಡಿಮೆಯಾಯಿತು. ಮೂರನೆಯ ವರ್ಷ ಮರ ತುದಿಯಿಂದ ಒಣಗತೊಡಗಿತು. ರೋಗವೆಂದುಕೊಂಡೆವು. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಅದೇ ವರ್ಷ ನಮ್ಮ ಹಲಸನ್ನು ಕಡಿಸಬೇಕಾಯಿತು.

ಮರ ಎಷ್ಟು ಎತ್ತರವೋ ಬೇರೂ ಅಷ್ಟೇ ಆಳ ಎಂದು ನಾವು ತಿಳಿದಿದ್ದೆವು. ಹಾಗಲ್ಲ. ನೀರು, ಸಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆಗಳ ಹರವನ್ನೂ ದಾಟಿ ಹಬ್ಬಿರುತ್ತವೆ. ಬೇರಿಗೂ ಗಾಳಿ ಬೇಕು. ಲಾರಿ, ಜೆಸಿಬಿ ಓಡಾಡಿದಲ್ಲಿ ಮಣ್ಣು ಬಿಗಿದು ಗಾಳಿ, ನೀರು ಒಳಗಿಳಿಯುವುದಿಲ್ಲ. ಸಿಮೆಂಟಿನ ನೀರು ಮಣ್ಣಿನ ಗುಣವನ್ನೇ ಕೆಡಿಸುತ್ತದೆ. ಮರ ಕೂಡಲೇ ಸಾಯುವುದಿಲ್ಲ, ಕೂಡಿಟ್ಟ ಸತ್ವದಲ್ಲಿ ಕೆಲವು ವರ್ಷ ದೂಡುತ್ತದೆ. ಆದ್ದರಿಂದಲೇ ತಪ್ಪು ನಮ್ಮದೆಂದು ತಿಳಿಯುವುದಿಲ್ಲ.

ಪಕ್ಕದ ಜಾಗದಲ್ಲಿ ತಮ್ಮ ಮನೆ ಕಟ್ಟುವಾಗ ಈ ಪಾಠ ಉಪಯೋಗಕ್ಕೆ ಬಂತು. ಅಲ್ಲೊಂದು ಕಾಟುಮಾವಿನ ಮರವಿತ್ತು. ಪ್ಲಾನ್ ಬರೆಯುವ ಮೊದಲೇ ಅದರ ಜಾಗ ಅಳೆದು ನಕ್ಷೆಯಲ್ಲಿ ಗುರುತಿಸಿದೆವು. ಕಾಂಡದ ದಪ್ಪದ ಹನ್ನೆರಡು ಪಟ್ಟು ದೂರವನ್ನು ಸುತ್ತಲೂ ಬಿಡಬೇಕೆಂಬುದು ಬಲ್ಲವರ ಲೆಕ್ಕ: ಒಂದಡಿ ದಪ್ಪದ ಮರಕ್ಕೆ ಹನ್ನೆರಡಡಿ. ಮೊದಲ ಲಾರಿ ಬರುವ ಮುಂಚೆಯೇ ಅಲ್ಲಿ ಬೇಲಿ ಹಾಕಿ, ಕೆಲಸ ಮುಗಿಯುವವರೆಗೆ ತೆಗೆಯಲಿಲ್ಲ. ಮನೆಯ ಒಂದು ಮೂಲೆ ಈ ಗೆರೆಯೊಳಗೆ ಬರುತ್ತಿತ್ತು. ಅಲ್ಲಿ ಉದ್ದಕ್ಕೆ ಪಾಯ ತೋಡುವ ಬದಲು, ಬೇರು ತಪ್ಪಿಸಿ ಕೈಯಿಂದಲೇ ಗುಂಡಿ ತೆಗೆಸಿ, ಇಂಜಿನಿಯರರು ಪಿಲ್ಲರ್ ಎಬ್ಬಿಸಿ ಬೀಮ್ ಹಾಕಿಸಿದರು. ಸೆಪ್ಟಿಕ್ ಟ್ಯಾಂಕ್ ಇನ್ನೊಂದು ಬದಿಗೆ ಹೋಯಿತು. ಮರದ ಸುತ್ತ ಮಣ್ಣು ಮಣ್ಣಾಗಿಯೇ ಉಳಿಯಿತು.

ಎಲ್ಲ ಮರವನ್ನೂ ಉಳಿಸಲಾಗದು, ನಿಜ. ಬುಡ ಟೊಳ್ಳಾಗಿ ಮನೆಯತ್ತ ವಾಲಿದ್ದನ್ನು ತೆಗೆಯಲೇಬೇಕು. ಆದರೆ ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿದರೂ ಬೇಸಗೆಯಲ್ಲಿ ಬಾವಿಗಳು ಬತ್ತುತ್ತವೆ. ಸಿಮೆಂಟು ಹಾಸಿದ ಅಂಗಳದ ನೀರು ರಸ್ತೆಗೆ ಹರಿಯುತ್ತದೆ, ಮರದಡಿಯ ನೀರು ನೆಲಕ್ಕೆ ಇಂಗುತ್ತದೆ.

ತಮ್ಮನ ಮನೆಯ ಆಶೀರ್ವಾದದ ದಿನ ಚಪ್ಪರ ಬೇಕಾಗಲಿಲ್ಲ, ಬಂದವರೆಲ್ಲ ಮಾವಿನಡಿಯಲ್ಲೇ ಕುಳಿತು ಉಂಡರು. ಮನೆ ಕಟ್ಟಲು ಹೊರಟವರಲ್ಲಿ ನಮ್ಮದೊಂದೇ ವಿನಂತಿ: ಇಂಜಿನಿಯರರಿಗೆ ಜಾಗದ ಅಳತೆಯೊಂದಿಗೆ ಮರದ ಅಳತೆಯನ್ನೂ ಕೊಡಿ.