ಮರುಭೂಮಿ ಪ್ರವಾಸ ಮತ್ತು ಮಕ್ಕಳ ಆರೋಗ್ಯ

ಚೆನ್ನೈಯ ತೇವಗಾಳಿಯಲ್ಲಿ ಮಕ್ಕಳ ಬೆವರು ಮೈಮೇಲೆಯೇ ನಿಲ್ಲುತ್ತದೆ. ರಾಜಸ್ಥಾನದ ಥಾರ್ ಮರುಭೂಮಿಯ ಒಣಹವೆಯಲ್ಲಾದರೋ ಅದು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಮಗು ಬೆವರಿಲ್ಲವೆಂದು ಭ್ರಮಿಸಿ ಹೆತ್ತವರು ನೀರು ಕುಡಿಸಲು ಮರೆತರೆ ಅಪಾಯವುಂಟು.

ಬೇಸಿಗೆ ರಜೆಯಲ್ಲಿ ಜೈಸಲ್ಮೇರಿನ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಡಿಸೆಂಬರ್ ಅಥವಾ ಜನವರಿಯ ಪ್ರವಾಸವೇ ಲೇಸು. ಆಗ ರಾತ್ರಿ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಚಳಿಯನ್ನರಿಯದ ಚೆನ್ನೈಯ ಮಕ್ಕಳಿಗೆ ಉಣ್ಣೆಯ ಉಡುಪು ಅವಶ್ಯ.

ಪಟ್ಟಣದಿಂದ ಸುಮಾರು 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳಿಗೆ ಹೊರಡುವಾಗ ಸಾಕಷ್ಟು ಶುದ್ಧ ನೀರನ್ನೂ ಓ.ಆರ್.ಎಸ್. ಪೊಟ್ಟಣಗಳನ್ನೂ ಒಯ್ಯತಕ್ಕದ್ದು. ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು ಕುಡಿಸಬೇಕು. ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಬೇಕು. ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಖರ್ಚಿನ ಲೆಕ್ಕದೊಡನೆ ನೀರಿನ ಲೆಕ್ಕವನ್ನೂ ಇಟ್ಟ ಕುಟುಂಬಕ್ಕೆ ಪ್ರವಾಸ ಸುಖಕರವಾದೀತು.