ಹೆಸರು ಪ್ರಶ್ನಾರ್ಥಕ ಚಿಹ್ನೆಯಾಗಬಾರದು: ಪೆಂಟಾಹೊದಲ್ಲಿ ಡೇಟಾಬೇಸ್ ಸಂಪರ್ಕ ಹೊಂದಿಸುವ ಕ್ರಮ

ಪರದೆ ಎಲ್ಲರಿಗೂ ಕಾಣ್ತಾ ಉಂಟು ಅಂತ ಭಾವಿಸ್ತೇನೆ. ಇವತ್ತಿನ ವಿಷಯ ಕಂಪ್ಯೂಟರ್ ವಿಭಾಗದವರದ್ದು ಅಂತ ಮೇಲ್ನೋಟಕ್ಕೆ ಅನಿಸಬಹುದು. ಆದರೆ ಗಡಿನಾಡ ಕನ್ನಡದ ಮಾಹಿತಿ ಕಲೆಹಾಕುವ ನಮ್ಮಂಥವರಿಗೆ ಇದು ಭಾಷೆಯದ್ದೇ ವಿಷಯ.

ನನ್ನ ಕೆಲಸ ಕಾಸರಗೋಡಿನ ಸ್ಥಳನಾಮಗಳ ಮೇಲೆ. ಆಗಿನ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. 1984ರಲ್ಲಿ ಈ ಪ್ರದೇಶ ಪ್ರತ್ಯೇಕ ಜಿಲ್ಲೆಯಾಯಿತು. ಹಾಗಾಗಿ ಒಂದೇ ಊರಿಗೆ ಎರಡು ಮೂರು ಬರಹರೂಪಗಳು. ನಮ್ಮ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ನಮ್ಮ ಕುಂಬಳೆ ಅಲ್ಲಿ ಕುಂಬಳ. ಶಾಲೆಗಳ ಪಟ್ಟಿ ಎಕ್ಸೆಲ್‌ನಲ್ಲಿ ಕನ್ನಡದಲ್ಲಿದೆ, ವಾರ್ಡುಗಳ ಪಟ್ಟಿ ಮಲಯಾಳದಲ್ಲಿದೆ, ಇನ್ನೊಂದು ಇಂಗ್ಲಿಷ್ ಅಕ್ಷರಗಳಲ್ಲಿದೆ. ಈ ಮೂರನ್ನೂ ಒಂದು ಡೇಟಾಬೇಸ್‌ಗೆ ತಂದು ಹೋಲಿಸಬೇಕು. ಕೈಯಲ್ಲಿ ಮಾಡಿದರೆ ಮುಗಿಯುವ ಕೆಲಸ ಅಲ್ಲ.

ಇದಕ್ಕೆ ನಾನು ಬಳಸುವುದು ಪೆಂಟಾಹೊ ಡೇಟಾ ಇಂಟಿಗ್ರೇಶನ್. ಹಳಬರು ಕೆಟಲ್ ಅಂತ ಕರೆಯುವುದು ಇದನ್ನೇ. ಬೇರೆ ಬೇರೆ ಕಡೆಯಿಂದ ಮಾಹಿತಿ ತೆಗೆದು, ತಿದ್ದಿ, ಒಂದು ಕಡೆ ತುಂಬುವುದು ಇದರ ಕೆಲಸ. ಇದೇ ವಂಶದ ಅಪಾಚೆ ಹಾಪ್ ಬಳಸುವವರಿಗೂ ನಾನು ಹೇಳುವುದು ಬಹುಪಾಲು ಅನ್ವಯಿಸುತ್ತದೆ.

ಮೊದಲ ಹೆಜ್ಜೆ ಡ್ರೈವರ್. ಪೆಂಟಾಹೊ ಜಾವಾದಲ್ಲಿ ಬರೆದ ಉಪಕರಣ. ಅದಕ್ಕೂ ಡೇಟಾಬೇಸ್‌ಗೂ ನಡುವೆ ದುಭಾಷಿಯಾಗಿ ಜೆಡಿಬಿಸಿ ಡ್ರೈವರ್ ಬೇಕು. ನನ್ನ ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದರ ಡ್ರೈವರ್ ಸಾಮಾನ್ಯವಾಗಿ ಪೆಂಟಾಹೊ ಜೊತೆಗೆ ಬರುವುದಿಲ್ಲ. ಬೇರೆಯಾಗಿ ಇಳಿಸಿಕೊಂಡು ಆ ಜಾರ್ ಫೈಲನ್ನು ಉಪಕರಣದ ಲಿಬ್ ಫೋಲ್ಡರಿನಲ್ಲಿ ಹಾಕಿ, ಸ್ಪೂನ್ ಎಂಬ ವಿನ್ಯಾಸದ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆಯಬೇಕು. ಡ್ರೈವರ್ ಸಿಗಲಿಲ್ಲ ಅಂತ ದೂರು ಬಂದರೆ ಮೊದಲು ನೋಡಬೇಕಾದ್ದು ಇಲ್ಲಿ.

ಎರಡನೆಯದು ವಿಳಾಸ. ಹೊಸ ಸಂಪರ್ಕದ ಕಿಟಕಿಯಲ್ಲಿ ಹೋಸ್ಟ್, ಡೇಟಾಬೇಸ್ ಹೆಸರು, ಪೋರ್ಟ್, ಬಳಕೆದಾರ, ಪಾಸ್‌ವರ್ಡ್ ಅಂತ ಖಾನೆಗಳು ಉಂಟು. ಹೋಸ್ಟ್ ಅಂದರೆ ಡೇಟಾಬೇಸ್ ಇರುವ ಯಂತ್ರ. ನಿಮ್ಮದೇ ಲ್ಯಾಪ್‌ಟಾಪ್ ಆದರೆ ಲೋಕಲ್‌ಹೋಸ್ಟ್. ಪೋರ್ಟ್ ಅಂದರೆ ಆ ಮನೆಯ ಬಾಗಿಲು: ಮೈಎಸ್‌ಕ್ಯೂಎಲ್‌ಗೆ ರೂಢಿಯಲ್ಲಿ 3306, ಪೋಸ್ಟ್‌ಗ್ರೆಗೆ 5432. ಮೂಲ ಮಾಹಿತಿಯನ್ನು ಓದುವುದಕ್ಕೆ ಮಾತ್ರ ಅನುಮತಿ ಇರುವ ಒಬ್ಬ ಬಳಕೆದಾರನನ್ನು, ತುಂಬುವುದಕ್ಕೆ ಇನ್ನೊಬ್ಬನನ್ನು ಇಟ್ಟುಕೊಳ್ಳಿ. ಆಗ ಒಂದು ತಪ್ಪು ಆಜ್ಞೆಯಿಂದ ಮೂಲವೇ ಅಳಿಸಿಹೋಗುವ ಭಯ ಇಲ್ಲ.

ಈ ವಿವರಗಳನ್ನು ಕಿಟಕಿಯಲ್ಲಿ ನೇರವಾಗಿ ಬರೆಯುವುದಕ್ಕಿಂತ ಚರಗಳಾಗಿ ಇಡುವುದು ವಾಸಿ. ನಿಮ್ಮ ಹೋಮ್ ಫೋಲ್ಡರಿನ ಒಳಗೆ ಡಾಟ್ ಕೆಟಲ್ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿರುವ ಕೆಟಲ್ ಪ್ರಾಪರ್ಟೀಸ್ ಫೈಲಿನಲ್ಲಿ ಹೋಸ್ಟ್, ಪಾಸ್‌ವರ್ಡ್ ಎಲ್ಲ ಬರೆದಿಟ್ಟು, ಸಂಪರ್ಕದ ಖಾನೆಯಲ್ಲಿ ಚರದ ಹೆಸರನ್ನಷ್ಟೇ ಕೊಡಿ. ಯಾಕೆ ಅಂದರೆ ನಾವು ಕೆಲಸದ ಫೈಲನ್ನು ಗೆಳೆಯರಿಗೆ ಕಳಿಸ್ತೇವೆ. ಪಾಸ್‌ವರ್ಡ್ ಫೈಲಿನೊಳಗೇ ಇದ್ದರೆ ಅದೂ ಜೊತೆಗೆ ಹೋಗುತ್ತದೆ. ಅಲ್ಲಿ ಅದು ಅರ್ಥವಾಗದ ಅಕ್ಷರಗಳಾಗಿ ಕಂಡರೂ ಅದನ್ನು ಬಿಡಿಸುವುದು ಕಷ್ಟವಲ್ಲ. ಯಾರ ಮನೆಮಾತು ಯಾವುದು, ಯಾವ ಮಗು ಯಾವ ಮಾಧ್ಯಮದಲ್ಲಿ ಓದ್ತದೆ ಅಂತ ಜನ ನಮ್ಮನ್ನು ನಂಬಿ ಹೇಳಿರ್ತಾರೆ. ಆ ನಂಬಿಕೆಯನ್ನು ಕಾಯುವುದು ನಮ್ಮ ಜವಾಬ್ದಾರಿ.

ಈಗ ಮುಖ್ಯ ಮಾತಿಗೆ ಬರ್ತೇನೆ. ಎಲ್ಲ ತುಂಬಿ ಟೆಸ್ಟ್ ಗುಂಡಿ ಒತ್ತಿದರೆ ಸಂಪರ್ಕ ಸರಿ ಇದೆ ಅಂತ ಉತ್ತರ ಬರುತ್ತದೆ. ಅದರ ಅರ್ಥ ಬಾಗಿಲು ತೆರೆಯಿತು ಅಂತ ಮಾತ್ರ. ಕನ್ನಡ ಅಕ್ಷರ ಆ ಬಾಗಿಲಲ್ಲಿ ಹಾಳಾಗದೆ ದಾಟುತ್ತದೋ ಇಲ್ಲವೋ ಅಂತ ಆ ಗುಂಡಿ ಹೇಳುವುದಿಲ್ಲ.

ಯುನಿಕೋಡಿನ ಕನ್ನಡ ಅಕ್ಷರವೊಂದಕ್ಕೆ ಯುಟಿಎಫ್-8 ಕ್ರಮದಲ್ಲಿ 3 ಬೈಟ್ ಬೇಕು, ಮಲಯಾಳಕ್ಕೂ ಅಷ್ಟೇ. ಲ್ಯಾಟಿನ್-1 ಎಂಬ ಹಳೆಯ ಕ್ರಮದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಮೈಎಸ್‌ಕ್ಯೂಎಲ್ 5.7ರವರೆಗೆ ಸರ್ವರಿನ ಪೂರ್ವನಿಯೋಜಿತ ಕ್ರಮ ಲ್ಯಾಟಿನ್-1 ಆಗಿತ್ತು. 8.0ರಿಂದ ಅದು ಯುಟಿಎಫ್8ಎಂಬಿ4 ಆಯಿತು. ನಾವು ಏನೂ ಹೇಳದಿದ್ದರೆ ಹಳೆಯ ಡ್ರೈವರುಗಳು ಸರ್ವರಿನ ಕ್ರಮವನ್ನೇ ಅನುಸರಿಸುತ್ತವೆ. ಅದು ಲ್ಯಾಟಿನ್-1 ಆಗಿದ್ದರೆ ಡ್ರೈವರ್ ತನಗೆ ಗುರುತಾಗದ ಪ್ರತಿ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕಳಿಸಿಬಿಡುತ್ತದೆ. ಸರ್ವರಿಗೆ ಅದು ಸರಿಯಾದ ಅಕ್ಷರವೇ. ಆದ್ದರಿಂದ ದೋಷದ ಸಂದೇಶ ಬರುವುದೇ ಇಲ್ಲ.

ಪರಿಹಾರ ಸಣ್ಣದು. ಸಂಪರ್ಕದ ಕಿಟಕಿಯಲ್ಲಿ ಆಪ್ಷನ್ಸ್ ಎಂಬ ಪುಟ ಉಂಟು. ಅಲ್ಲಿ ಕ್ಯಾರೆಕ್ಟರ್ ಎನ್‌ಕೋಡಿಂಗ್ ಎಂಬ ಹೆಸರಿಗೆ ಯುಟಿಎಫ್-8 ಎಂಬ ಬೆಲೆ ಕೊಡಿ. ಕೋಷ್ಟಕವನ್ನೂ ಯುಟಿಎಫ್8ಎಂಬಿ4 ಕ್ರಮದಲ್ಲೇ ರಚಿಸಿ. ಸಿಎಸ್‌ವಿ ಫೈಲ್ ಓದುವ ಹಂತದಲ್ಲಿ ಎನ್‌ಕೋಡಿಂಗ್ ಬೇರೆಯಾಗಿಯೇ ಕೇಳುತ್ತದೆ, ಅಲ್ಲೂ ಅದನ್ನೇ ಕೊಡಿ. ಎಕ್ಸೆಲ್‌ನಿಂದ ಉಳಿಸುವಾಗ ಬರೀ ಸಿಎಸ್‌ವಿ ಅಂತ ಆರಿಸಬೇಡಿ, ಸಿಎಸ್‌ವಿ ಯುಟಿಎಫ್-8 ಅಂತ ಆರಿಸಿ. ಫೈಲ್, ಸಂಪರ್ಕ, ಕೋಷ್ಟಕ, ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಸರಿ ಇದ್ದು ಪ್ರಯೋಜನ ಇಲ್ಲ.

ಪರೀಕ್ಷೆ ಹೇಗೆ? ಸಾವಿರಾರು ಸಾಲು ತುಂಬುವ ಮೊದಲು ‘ಕನ್ನಡ’ ಎಂಬ ಒಂದೇ ಪದವನ್ನು ಕಳಿಸಿ. ಯುನಿಕೋಡಿನ ಲೆಕ್ಕದಲ್ಲಿ ಇದರಲ್ಲಿ ಕ, ನ, ವಿರಾಮ, ನ, ಡ ಎಂದು 5 ಘಟಕಗಳು, ಅಂದರೆ 15 ಬೈಟ್. ಯುಟಿಎಫ್8ಎಂಬಿ4 ಕೋಷ್ಟಕದಲ್ಲಿ ಅದರ ಅಕ್ಷರಸಂಖ್ಯೆಯನ್ನೂ ಬೈಟ್ ಉದ್ದವನ್ನೂ ಕೇಳಿ. ಅಕ್ಷರ 5, ಬೈಟ್ 15 ಬಂದರೆ ಎಲ್ಲ ಸರಿ. ಅಕ್ಷರಸಂಖ್ಯೆಯೇ 15 ಬಂದರೆ ಬೈಟುಗಳನ್ನು ತಪ್ಪಾಗಿ ಓದಿ ಮತ್ತೆ ಬರೆಯಲಾಗಿದೆ. ಪರದೆಯಲ್ಲಿ ವಿಚಿತ್ರ ಅಕ್ಷರಗಳು ಕಾಣುತ್ತವೆ, ಆದರೆ ಸಾಮಾನ್ಯವಾಗಿ ಉಲ್ಟಾ ಪರಿವರ್ತನೆಯಿಂದ ಹಿಂದೆ ಪಡೆಯಬಹುದು. ಅಕ್ಷರವೂ 5, ಬೈಟೂ 5 ಬಂದರೆ ಅಲ್ಲಿರುವುದು 5 ಪ್ರಶ್ನಾರ್ಥಕ ಚಿಹ್ನೆಗಳು. ಅದನ್ನು ಯಾರಿಂದಲೂ ಮರಳಿ ತರಲಿಕ್ಕೆ ಆಗುವುದಿಲ್ಲ. ಮೂಲ ಫೈಲ್ ಇದ್ದರೆ ಮಾತ್ರ ಬಚಾವ್.

ಈ ಕಾರಣಕ್ಕೇ ನಾನು ಇದನ್ನು ಭಾಷೆಯ ವಿಷಯ ಅಂದದ್ದು. ಇಂಗ್ಲಿಷ್ ಹೆಸರುಗಳು ಯಾವ ಕ್ರಮದಲ್ಲೂ ಹಾಳಾಗುವುದಿಲ್ಲ. ಹಾಗಾಗಿ ಇಂಗ್ಲಿಷಿನ ಖಾನೆ ಮಾತ್ರ ನೋಡಿದವರಿಗೆ ಎಲ್ಲ ಸರಿ ಕಾಣುತ್ತದೆ. ಅಲ್ಲಿ ಕುಂಬಳೆಯೋ ಕುಂಬಳವೋ ಎಂಬ ವ್ಯತ್ಯಾಸ ಉಳಿಯಬೇಕಾದರೆ ಕನ್ನಡ, ಮಲಯಾಳ ಖಾನೆಗಳೆರಡೂ ಉಳಿಯಬೇಕು. ನಮ್ಮ ಸಂಶೋಧನೆ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಗೂ ಇದೇ ಸಾಕಾ? ಸಾಲದು. ಅಲ್ಲಿ ಒಳಗಿರುವುದು ಯುನಿಕೋಡ್ ಕನ್ನಡವಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿದ್ದು. ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಮೊದಲು ಪರಿವರ್ತಕದಿಂದ ಅದನ್ನು ಯುನಿಕೋಡ್ ಮಾಡಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಲ್ಲೇ ಒಮ್ಮೆ ಪರಿಶೀಲಿಸಿ, ಆಮೇಲೆ ಈ ಸಂಪರ್ಕದ ಮೂಲಕ ಕಳಿಸಿ. ಪರಿವರ್ತನೆಗೆ ಮುಂಚಿನ ಫೈಲನ್ನು ಮಾತ್ರ ದಯವಿಟ್ಟು ಅಳಿಸಬೇಡಿ.