ಹಳೆ ಚೆಂಡೆಯ ಮರಕ್ಕೆ ಹೊಸ ಕಳೆ

ಕರಾವಳಿಯ ಕೆಲವು ಕೃಷಿಕರ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಚೆಂಡೆ ಇರುವುದುಂಟು. ಮುಚ್ಚಿಗೆ ಹರಿದಿರುತ್ತದೆ, ಮರಕ್ಕೆ ಬಳಿದ ಪೈಂಟ್ ಚಕ್ಕೆ ಏಳುತ್ತಿರುತ್ತದೆ. ಎಸೆಯಬೇಡಿ. ಮುಚ್ಚಿಗೆ ಹೇಗೂ ಬದಲಾಗುವಂಥದ್ದು. ಹಲಸಿನ ತಿರುಳಿನ ಒಡಲು ತಲೆಮಾರು ಬಾಳುತ್ತದೆ. ಅಂಥ ಬಲಿತ ಮರ ಈಗ ಸುಲಭಕ್ಕೆ ಸಿಗದು.

ಮುಚ್ಚಿಗೆ ಬದಲಿಸಲು ಹಗ್ಗ ಬಿಚ್ಚಿದಾಗಲೇ ಮರದ ಕೆಲಸ ಮಾಡಿಕೊಳ್ಳಬೇಕು. ಮೊದಲು ಬಿಳಿ ಕಾಗದದ ಮೇಲೆ ಒಡಲನ್ನು ಮೆಲ್ಲಗೆ ತಟ್ಟಿ ನೋಡಿ. ತೂತುಗಳಿಂದ ನಯವಾದ ಹೊಸ ಹುಡಿ ಉದುರಿದರೆ ಕುಟ್ಟೆ ಹುಳ ಇನ್ನೂ ಜೀವಂತ ಇರಬಹುದು. ಅದು ಹೆಚ್ಚಾಗಿ ತಿನ್ನುವುದು ಹೊರಗಿನ ಬಿಳಿ ಮರವನ್ನು. ತೋಟಕ್ಕೆ ತಂದ ಕೀಟನಾಶಕ ಇದಕ್ಕೆ ಬೇಡ. ಹೆಗಲಿಗೇರಿ ಮೈಬೆವರು ತಾಗುವ ವಾದ್ಯ ಇದು. ಪೈಂಟ್ ತೆಗೆದ ಬಳಿಕ ಬಿಸಿನೀರಲ್ಲಿ ಕರಗಿಸಿದ ಬೋರಾಕ್ಸ್, ಬೋರಿಕ್ ಆಮ್ಲ ಬಳಿದು ನೆರಳಲ್ಲಿ ಚೆನ್ನಾಗಿ ಒಣಗಿಸಿ.

ಹಳೆ ಪೈಂಟಿನಲ್ಲಿ ಸೀಸ ಇದ್ದೀತು. ಮನೆಬಳಕೆಯ ಪೈಂಟಿಗೆ 90 ಪಿಪಿಎಂ ಸೀಸದ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ಒಣಗಿದ್ದನ್ನು ಕೆರೆಯಬೇಡಿ. ಒದ್ದೆ ಮಾಡಿ, ನೀರು ತಾಳುವ ಉಜ್ಜುಕಾಗದದಿಂದ ಉಜ್ಜಿ. ಮೂಗಿಗೆ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬೇಡ. ಕೀಸುಳಿ ಹಾಕಲೇಬೇಡಿ. ಒಡಲು ತೆಳುವಾದರೆ ನಾದ ಬದಲಾದೀತು. ಬಾಯಿಯ ಅಂಚು ತಗ್ಗಿದರೆ ಮುಚ್ಚಿಗೆ ಸಮವಾಗಿ ಕೂರದು.

ಸಣ್ಣ ಬಿರುಕಿಗೆ ಹಲಸಿನದೇ ಮರದ ಹುಡಿಯನ್ನು ಮರದ ಅಂಟಿನಲ್ಲಿ ಕಲಸಿ ತುಂಬಿ. ಎಣ್ಣೆ ಹಚ್ಚಿದ ಮೇಲೆ ಅಂಟು ಹಿಡಿಯದು, ಹಾಗಾಗಿ ಇದು ಮೊದಲೇ ಆಗಬೇಕು. ಒಣಗಿದ ಮೇಲೆ 120, ಆಮೇಲೆ 220 ನಂಬ್ರದ ಕಾಗದದಲ್ಲಿ ಮರದ ಎಳೆಯ ಉದ್ದಕ್ಕೇ ಉಜ್ಜಿ. ಮರ ಹಳದಿಯಾಗಿ ಕಂಡರೆ ಗಾಬರಿ ಬೇಡ, ಬಣ್ಣವೂ ಬೇಡ. ಬೆಳಕಿಗೆ ಹಲಸು ತಾನೇ ಕಂದು ತಿರುಗುತ್ತದೆ.

ಕೊನೆಗೆ ಎಣ್ಣೆ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಚ್ಚಬೇಡಿ. ಅದು ಒಣಗುವ ಎಣ್ಣೆಯಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಗೇರು ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಪೈಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಸಾಕು. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಒಂದೊಂದು ಪದರಕ್ಕೂ ಕನಿಷ್ಠ ಒಂದು ದಿನ ಒಣಗಲು ಕೊಟ್ಟು ಮೂರು ಪದರ ಹಚ್ಚಿ. ಮಳೆಗಾಲದಲ್ಲಿ ಒಣಗುವುದು ನಿಧಾನ, ದೀಪಾವಳಿ ಕಳೆದ ಮೇಲಿನ ಹವೆ ಅನುಕೂಲ.

ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತುವುದುಂಟು. ಅಡಿಕೆ, ಬೈಹುಲ್ಲು ಇಡುವ ಕೊಟ್ಟಿಗೆಯಲ್ಲಿ ಹೀಗಾದರೆ ಗತಿ? ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಲ್ಲಿ ಮುಳುಗಿಸಿಡಿ.